ಹೊಳಪಿಗಿಂತ ಮೊದಲು ಒಳಪುಟ: ಸ್ವಂತ ಪುಸ್ತಕ ತರುವವರಿಗೊಂದು ಮಾರ್ಗದರ್ಶಿ

ದಾವಣಗೆರೆಯ ಕುವೆಂಪು ಕನ್ನಡ ಭವನದಲ್ಲಾಗಲಿ, ಚಿತ್ರದುರ್ಗದ ತ.ರಾ.ಸು. ರಂಗಮಂದಿರದಲ್ಲಾಗಲಿ ಪುಸ್ತಕ ಬಿಡುಗಡೆ ಇದ್ದರೆ ನಾನು ಹಿಂದಿನ ಸಾಲಿನಲ್ಲಿ ಕುಳಿತು, ಜನರು ಪುಸ್ತಕವನ್ನು ಹೇಗೆ ಹಿಡಿಯುತ್ತಾರೆ ಎಂಬುದನ್ನು ಗಮನಿಸುತ್ತೇನೆ. ಮುಖಪುಟದ ಮೇಲೆ ಕೈಯಾಡಿಸುತ್ತಾರೆ, ತಿರುಗಿಸಿ ಬೆನ್ನುಡಿಯನ್ನೂ ಬೆಲೆಯನ್ನೂ ನೋಡುತ್ತಾರೆ, ಆಮೇಲೆ ನಡುವೆ ಎಲ್ಲೋ ಒಂದು ಪುಟ ಬಿಡಿಸುತ್ತಾರೆ. ಅಲ್ಲಿ ಕಣ್ಣು ನಾಲ್ಕು ಸಾಲು ತಡವರಿಸದೆ ಓಡಿದರೆ ಪುಸ್ತಕ ಚೀಲ ಸೇರುತ್ತದೆ. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದರೆ, ಅಥವಾ ಸಾಲಿನ ಕೊನೆಯ ಅಕ್ಷರಗಳನ್ನು ಓದಲು ಪುಸ್ತಕವನ್ನು ಎರಡೂ ಕೈಯಿಂದ ಅಗಲಿಸಬೇಕಾಗಿ ಬಂದರೆ, ಅದು ಮೆಲ್ಲನೆ ಮೇಜಿಗೆ ಮರಳುತ್ತದೆ. ಲೇಖಕರ ಪ್ರತಿಭೆಯ ವಿಚಾರಣೆ ಆ ಹೊತ್ತಿಗೆ ಇನ್ನೂ ಶುರುವಾಗಿರುವುದೇ ಇಲ್ಲ.

ಈ ಬರಹ ದೊಡ್ಡ ಪ್ರಕಾಶನ ಸಂಸ್ಥೆಗಳಿಗಾಗಿ ಅಲ್ಲ. ನಮ್ಮ ಎರಡೂ ಜಿಲ್ಲೆಗಳಲ್ಲಿ ಸ್ವಂತ ಹಣ ಹಾಕಿ 500 ಅಥವಾ 1000 ಪ್ರತಿಗಳ ಕವನ ಸಂಕಲನ, ಊರಿನ ಇತಿಹಾಸ, ಜನಪದ ಗೀತೆಗಳ ಸಂಗ್ರಹ ಅಥವಾ ಅಭಿನಂದನ ಗ್ರಂಥವನ್ನು ತರುವ ಮೇಷ್ಟ್ರುಗಳು, ವಕೀಲರು, ನಿವೃತ್ತ ನೌಕರರು ಮತ್ತು ಸಣ್ಣ ಪ್ರಕಾಶಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಂಥ ಪುಸ್ತಕಗಳ ಕರಡು ತಿದ್ದುತ್ತ ಬಂದ ನನಗೆ ಒಂದು ಮಾತು ಖಚಿತವಾಗಿದೆ: ಹಣ ಕಡಿಮೆಯಿದ್ದಷ್ಟೂ ಅದು ಮುಖಪುಟದ ಹೊಳಪಿಗೆ ಹೋಗುವ ಮೊದಲು ಒಳಪುಟಕ್ಕೂ ಬೈಂಡಿಂಗಿಗೂ ಹೋಗಬೇಕು. ರೂಢಿಯಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು.

ಈ ಮಾತನ್ನು ನಾನು ದಂಡ ತೆತ್ತು ಕಲಿತೆ. ನಾನೇ ಮುಂದೆ ನಿಂತು ಮಾಡಿಸಿದ ಮೊದಲ ಪುಸ್ತಕ ಸೋಬಾನೆ ಪದಗಳ ಸಂಗ್ರಹ. ಮುಖಪುಟಕ್ಕೆ ಮಿಂಚುವ ಲ್ಯಾಮಿನೇಷನ್, ಶೀರ್ಷಿಕೆಗೆ ಉಬ್ಬು ಹೊಳಪು, ಒಳಗೆ ಮಾತ್ರ ತೆಳು ಕಾಗದ, ಒತ್ತೊತ್ತಾಗಿ ತುಂಬಿದ ಸಾಲು. ಬೇಸಿಗೆಯಲ್ಲಿ ಬಿಡುಗಡೆಯಾಯಿತು, ಮೊದಲ ಪ್ರತಿ ಪಡೆದ ಹಿರಿಯರು ವೇದಿಕೆಯ ಮೇಲೆ ಒಂದು ಪದ ಓದಲೆಂದು ಪುಸ್ತಕವನ್ನು ಬಿಡಿಸಿದರು, ಎರಡು ಹಾಳೆಗಳು ಕಳಚಿ ಅವರ ಮಡಿಲಿಗೆ ಬಿದ್ದವು. ಅವರು ದೊಡ್ಡ ಮನಸ್ಸಿನಿಂದ ನಕ್ಕು ಓದು ಮುಂದುವರಿಸಿದರು. ನನಗೆ ಆ ಸಂಜೆ ಮಂಡಕ್ಕಿ ಮಿರ್ಚಿಯೂ ರುಚಿಸಲಿಲ್ಲ.

ಹಸ್ತಪ್ರತಿ ಮೊದಲು ಮುಗಿಯಲಿ

ಡಿಟಿಪಿ, ಅಂದರೆ ಗಣಕಯಂತ್ರದಲ್ಲಿ ಪುಟಕಟ್ಟುವ ಕೆಲಸ, ಮಾಡುವವರ ಬಳಿ ಹೋಗುವ ಮುನ್ನ ಹಸ್ತಪ್ರತಿ ಪೂರ್ತಿ ಮುಗಿದಿರಬೇಕು. ಮುನ್ನುಡಿ ಇನ್ನೂ ಬರಬೇಕಿದೆ, ಕೊನೆಯ ಅಧ್ಯಾಯಕ್ಕೆ ಒಂದು ಪ್ಯಾರಾ ಸೇರಿಸುವುದಿದೆ ಎಂಬ ಸ್ಥಿತಿಯಲ್ಲಿ ಪುಟಕಟ್ಟಲು ಕೊಟ್ಟರೆ, ಪ್ರತಿ ಸೇರ್ಪಡೆಗೂ ಪುಟಗಳು ಜರುಗುತ್ತವೆ, ಪರಿವಿಡಿಯ ಅಂಕಿಗಳು ತಪ್ಪುತ್ತವೆ, ಒಮ್ಮೆ ತಿದ್ದಿದ್ದು ಮತ್ತೊಮ್ಮೆ ಕೆಡುತ್ತದೆ. ಬರೆಯುವ ಹಂತದಲ್ಲೇ ಪದರೂಪಗಳ ಒಂದು ಪಟ್ಟಿ ಇಟ್ಟುಕೊಳ್ಳುವುದು ಒಳ್ಳೆಯದು: ‘ಚಿತ್ರದುರ್ಗ’ ಎಂದು ಎಲ್ಲಿ, ‘ದುರ್ಗ’ ಎಂದು ಎಲ್ಲಿ, ‘ಅವರು’ ಬೇರೆ ಬರೆಯಬೇಕೋ ಹೆಸರಿಗೆ ಅಂಟಿಸಬೇಕೋ, ಅಂಕಿಗಳು ಕನ್ನಡದವೋ ಇಂಗ್ಲಿಷಿನವೋ. ಈ ಪಟ್ಟಿ ಒಂದೇ ಹಾಳೆಯಷ್ಟಿದ್ದರೂ ಸಾಕು, ಕರಡು ತಿದ್ದುವವರ ಅರ್ಧ ಜಗಳ ಅಲ್ಲೇ ತೀರುತ್ತದೆ.

ನಮ್ಮ ಊರುಗಳಲ್ಲಿ ಹೆಚ್ಚಿನವರಿಗೆ ಎದುರಾಗುವ ನಿಜವಾದ ತೊಡಕು ಅಕ್ಷರಗಳ ರೂಪಾಂತರದ್ದು. ನುಡಿ, ಬರಹ ಅಥವಾ ಶ್ರೀಲಿಪಿ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪಾದ ಬರಹವನ್ನು ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಯೂನಿಕೋಡ್‌ಗೆ ತರುವಾಗ, ಅಥವಾ ಯೂನಿಕೋಡ್‌ನಲ್ಲಿ ಬಂದ ಬರಹವನ್ನು ಡಿಟಿಪಿಯವರು ತಮ್ಮ ಹಳೆಯ ತಂತ್ರಾಂಶಕ್ಕಾಗಿ ಮತ್ತೆ ಆಸ್ಕಿಗೆ ಇಳಿಸುವಾಗ, ಅರ್ಕಾವತ್ತು ಜಾಗ ತಪ್ಪುತ್ತದೆ. ‘ಧರ್ಮ’ ಹೋಗಿ ‘ಧಮರ್’ ಆಗುತ್ತದೆ, ‘ವರ್ಷ’ ‘ವಷರ್’ ಆಗುತ್ತದೆ, ‘ಕಾರ್ಯ’ ‘ಕಾಯರ್’ ಆಗುತ್ತದೆ. ಇವನ್ನು ಹುಡುಕಿ ತಿದ್ದುವುದು ಸುಲಭ, ಆದರೆ ಒಂದೊಂದಾಗಿಯೇ ತಿದ್ದಬೇಕು. ‘ಮರ್’ ಕಂಡಲ್ಲೆಲ್ಲ ಒಮ್ಮೆಲೇ ಬದಲಿಸು ಎಂದು ಗಣಕಯಂತ್ರಕ್ಕೆ ಅಪ್ಪಣೆ ಕೊಟ್ಟರೆ ಸರಿಯಾಗಿದ್ದ ‘ಮರ್ಯಾದೆ’ಯೂ ಹೋಗುತ್ತದೆ. ಇನ್ನೊಂದು ಕಣ್ಣಿಗೆ ಕಾಣದ ತಪ್ಪು, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಒತ್ತುವುದು. ಅಚ್ಚಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕಂಡರೂ ಮುಂದೆ ಅದೇ ಪುಸ್ತಕವನ್ನು ಇ-ಪುಸ್ತಕ ಮಾಡಿದಾಗ ಆ ಪದಗಳು ಹುಡುಕಾಟದಲ್ಲಿ ಸಿಗುವುದಿಲ್ಲ. ಆದ್ದರಿಂದ ಪುಟಕಟ್ಟುವ ಮುನ್ನವೇ ಡಿಟಿಪಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ದರದ್ದಲ್ಲ, ಯೂನಿಕೋಡ್‌ನಲ್ಲೇ ಕೊನೆಯವರೆಗೂ ಕೆಲಸ ಮಾಡುತ್ತೀರಾ ಎಂಬುದು. ಇನ್‌ಡಿಸೈನ್ ಎಂಬ ಪುಟಕಟ್ಟುವ ತಂತ್ರಾಂಶ ಬಳಸುವವರಾದರೆ ಅದರಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿರಬೇಕು. ಇಲ್ಲವಾದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ.

ಅಳತೆ ಮತ್ತು ಫಾರಂ ಲೆಕ್ಕ

ಕನ್ನಡದ ಕಾದಂಬರಿ, ಪ್ರಬಂಧ, ಸಂಶೋಧನೆಗಳಿಗೆ ಡೆಮಿ 1/8, ಅಂದರೆ ಸುಮಾರು 5.5 ಇಂಚು ಅಗಲ ಮತ್ತು 8.5 ಇಂಚು ಎತ್ತರದ ಅಳತೆ ರೂಢಿಯಲ್ಲಿದೆ. ಕವನ, ಹನಿಗವನ, ಚುಟುಕುಗಳಿಗೆ ಅದಕ್ಕಿಂತ ಚಿಕ್ಕದಾದ ಕ್ರೌನ್ 1/8 ಚೆನ್ನಾಗಿ ಒಪ್ಪುತ್ತದೆ; ಎಂಟು ಸಾಲಿನ ಪದ್ಯವನ್ನು ಡೆಮಿ ಪುಟದಲ್ಲಿ ಹಾಕಿದರೆ ಅದು ಸಂತೆ ಮುಗಿದ ಮೈದಾನದಂತೆ ಬಿಕೋ ಎನ್ನುತ್ತದೆ. ವಿಚಿತ್ರ ಅಳತೆಗಳ ಮೋಹ ಬೇಡ. ಕಾಗದ ಬರುವುದು ನಿಗದಿತ ಅಳತೆಯ ಹಾಳೆಗಳಲ್ಲಿ, ನಿಮ್ಮ ಅಳತೆ ಅದಕ್ಕೆ ಹೊಂದದಿದ್ದರೆ ಮಿಕ್ಕದ್ದು ಕತ್ತರಿಸಿದ ಚೂರಾಗಿ ರದ್ದಿಗೆ ಹೋಗುತ್ತದೆ, ಅದರ ಬೆಲೆಯನ್ನು ಮಾತ್ರ ನೀವೇ ಕೊಟ್ಟಿರುತ್ತೀರಿ.

ಮುದ್ರಣದವರ ಭಾಷೆಯಲ್ಲಿ ಡೆಮಿ 1/8ರ 16 ಪುಟಗಳು ಒಂದು ಫಾರಂ. 18×23 ಇಂಚಿನ ಒಂದು ಹಾಳೆಯ ಎರಡೂ ಮಗ್ಗುಲಿಗೆ ಎಂಟೆಂಟು ಪುಟ ಅಚ್ಚಾಗಿ, ಮೂರು ಬಾರಿ ಮಡಚಿದಾಗ ಆ ಫಾರಂ ಸಿದ್ಧವಾಗುತ್ತದೆ. ಆದ್ದರಿಂದ ಪುಸ್ತಕದ ಒಟ್ಟು ಪುಟಗಳು 16ರ ಮಗ್ಗಿಯಲ್ಲಿ, ತಪ್ಪಿದರೆ 8ರ ಮಗ್ಗಿಯಲ್ಲಿ ಮುಗಿಯುವಂತೆ ನೋಡಿಕೊಳ್ಳಬೇಕು. 160 ಪುಟ ಎಂದರೆ ಸರಿಯಾಗಿ ಹತ್ತು ಫಾರಂ. 164 ಆದರೆ ಆ ನಾಲ್ಕು ಪುಟಗಳಿಗಾಗಿ ಬೇರೆ ಅಚ್ಚಿನ ಪ್ಲೇಟು, ಯಂತ್ರದ ಬೇರೆ ಓಟ, ಬೈಂಡಿಂಗಿನಲ್ಲಿ ಸಿಕ್ಕಿಸಲು ತಕರಾರಾಗುವ ಒಂದು ತುಂಡು. ಮುನ್ನುಡಿಯನ್ನು ಒಂದು ಪುಟ ಕಡಿಮೆ ಮಾಡಿಕೊಡಿ ಎಂದು ಹಿರಿಯರನ್ನು ಕೇಳಲು ಸಂಕೋಚವಾಗುತ್ತದೆ, ನಿಜ. ಆದರೆ ನಮ್ಮ ಪುಸ್ತಕಗಳಲ್ಲಿ ಮುನ್ನುಡಿ, ಶುಭನುಡಿ, ಹಾರೈಕೆ, ಅರಿಕೆ ಎಲ್ಲ ಸೇರಿ ಒಂದೂವರೆ ಫಾರಂ ಆಗುವುದನ್ನು ನೋಡಿದರೆ, ಆ ಸಂಕೋಚವನ್ನು ಬಿಡುವುದು ಓದುಗರಿಗೆ ಮಾಡುವ ಉಪಕಾರವೇ ಸರಿ.

ಪುಟವಿನ್ಯಾಸ: ಒತ್ತಕ್ಷರಕ್ಕೆ ಉಸಿರಾಡಲು ಜಾಗ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಕನ್ನಡ ಪುಸ್ತಕಗಳು ಸೋಲುವುದು ಹೆಚ್ಚಾಗಿ ಈ ಹೆಜ್ಜೆಯಲ್ಲಿ. ರೋಮನ್ ಲಿಪಿಗಾಗಿ ಮಾಡಿದ ತಂತ್ರಾಂಶಗಳು ತಾವಾಗಿಯೇ ಕೊಡುವ ಸಾಲಿನ ಅಂತರ ಅಕ್ಷರದ ಗಾತ್ರಕ್ಕಿಂತ ಶೇಕಡಾ 20ರಷ್ಟು ಹೆಚ್ಚಿರುತ್ತದೆ, ಅಷ್ಟೇ. ಕನ್ನಡಕ್ಕೆ ಅದು ಸಾಲದು. ನಮ್ಮಲ್ಲಿ ಅಕ್ಷರದ ಕೆಳಗೆ ಒತ್ತು ಇಳಿಯುತ್ತದೆ, ‘ರಾಷ್ಟ್ರ’ ಎಂಬಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು ಸೇರುತ್ತದೆ, ಕೆಳಗಿನ ಸಾಲಿನಿಂದ ಗುಡಿಸು, ಏತ್ವಗಳು ಮೇಲೇಳುತ್ತವೆ. ಎರಡೂ ಡಿಕ್ಕಿ ಹೊಡೆದಾಗ ಓದುಗ ಕಾರಣ ತಿಳಿಯದೆಯೇ ಆಯಾಸಪಡುತ್ತಾನೆ. ಅಕ್ಷರ ಅಳೆಯುವ ಮಾನವಾದ ಪಾಯಿಂಟಿನ ಲೆಕ್ಕದಲ್ಲಿ, 12 ಪಾಯಿಂಟಿನ ಅಕ್ಷರಕ್ಕೆ 17 ಅಥವಾ 18 ಪಾಯಿಂಟಿನ ಸಾಲಿನಂತರ ಕೊಟ್ಟು ನೋಡಿ, ಪುಟ ಒಮ್ಮೆಲೇ ತಿಳಿಯಾಗುತ್ತದೆ.

ಇದಕ್ಕೆ ಎದುರಾಗುವ ವಾದ ಯಾವಾಗಲೂ ದುಡ್ಡಿನದು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಡೆಮಿ ಪುಟದಲ್ಲಿ ಮೇಲೆ ಕೆಳಗೆ ತಕ್ಕ ಅಂಚು ಬಿಟ್ಟ ಮೇಲೆ 17 ಪಾಯಿಂಟಿನ ಅಂತರದಲ್ಲಿ ಸುಮಾರು 29 ಸಾಲು ಹಿಡಿಯುತ್ತವೆ, 14 ಪಾಯಿಂಟಿಗೆ ಇಳಿಸಿದರೆ 36 ಸಾಲು ತುರುಕಬಹುದು. 160 ಪುಟದ ಪುಸ್ತಕ 130ರ ಆಸುಪಾಸಿಗೆ ಇಳಿಯುತ್ತದೆ, ಅಂದರೆ ಎರಡು ಫಾರಂಗಳಷ್ಟು ಉಳಿತಾಯ. ಆ ಉಳಿತಾಯಕ್ಕಾಗಿ ಉಳಿದ ಎಂಟು ಫಾರಂಗಳನ್ನೂ ಓದಲಾಗದಂತೆ ಮಾಡಿಕೊಳ್ಳುತ್ತೇವೆ. ಉಳಿಸಲೇಬೇಕೆಂದಿದ್ದರೆ ಬರಹದಿಂದ ಉಳಿಸಿ. ಬಲಹೀನವಾದ ಎರಡು ಕಥೆ, ಹತ್ತು ಕವಿತೆಗಳನ್ನು ಕೈಬಿಟ್ಟರೆ ಪುಸ್ತಕ ತೆಳ್ಳಗೂ ಆಗುತ್ತದೆ, ಗಟ್ಟಿಯೂ ಆಗುತ್ತದೆ.

ಅಕ್ಷರದ ಗಾತ್ರವನ್ನು ಅಂಕಿಯಿಂದ ನಂಬಬೇಡಿ. ಒಂದು ಅಕ್ಷರಮಾಲೆಯ 12 ಪಾಯಿಂಟ್ ಇನ್ನೊಂದರ 14ರಷ್ಟು ದೊಡ್ಡದಾಗಿ ಕಾಣಬಹುದು. ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ ಮೊದಲಾದವು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಪುಸ್ತಕಕ್ಕೆ ಬಳಸಲು ಯಾರಿಗೂ ಹಣ ಕೊಡಬೇಕಿಲ್ಲ. ಬೇರೆ ಅಕ್ಷರಮಾಲೆಗಳಾದರೆ ಪರವಾನಗಿಯನ್ನು ವಿಚಾರಿಸಿಕೊಳ್ಳಿ. ಮೂರು ಅಕ್ಷರಮಾಲೆಗಳಲ್ಲಿ ನಿಮ್ಮದೇ ಪುಸ್ತಕದ ಒಂದು ಪುಟವನ್ನು, ಬೇಕೆಂದೇ ಸ್ತ್ರೀ, ರಾಷ್ಟ್ರ, ಕರ್ತೃ, ಉಜ್ಜ್ವಲ, ಜ್ಯೋತ್ಸ್ನೆ, ಸೂರ್ಯ, ವಾಙ್ಮಯ ಮುಂತಾದ ಪದಗಳಿರುವ ಸಾಲುಗಳನ್ನು ಸೇರಿಸಿ, ನಿಜವಾದ ಅಳತೆಯಲ್ಲಿ ಮುದ್ರಿಸಿ ನೋಡಬೇಕು. ಪರದೆಯ ಮೇಲೆ ನೋಡಿ ಒಪ್ಪುವುದು ಸಲ್ಲದು. ಮುದ್ರಿಸಿದ ಹಾಳೆಯನ್ನು ಅರವತ್ತು ದಾಟಿದ ಒಬ್ಬರ ಕೈಗೆ ಕೊಟ್ಟು, ಏನೂ ಹೇಳದೆ, ಅವರು ಅದನ್ನು ಕಣ್ಣಿನಿಂದ ಎಷ್ಟು ದೂರ ಹಿಡಿಯುತ್ತಾರೆಂದು ನೋಡಿ. ಕನ್ನಡ ಪುಸ್ತಕ ಕೊಂಡು ಓದುವವರಲ್ಲಿ ಆ ವಯಸ್ಸಿನವರು ಕಡಿಮೆಯೇನಿಲ್ಲ.

ಅಂಚಿನ ವಿಷಯದಲ್ಲಿ ಒಂದೇ ಎಚ್ಚರ: ಬೆನ್ನಿನ ಕಡೆಯ ಅಂಚು ಹೊರಗಿನ ಅಂಚಿಗಿಂತ ಹೆಚ್ಚಿರಲಿ. ಡೆಮಿ ಪುಸ್ತಕಕ್ಕೆ ಒಳಗೆ 20 ಮಿಲಿಮೀಟರಿಗೆ ಕಡಿಮೆ ಬೇಡ. ಇಂಗ್ಲಿಷ್ ಪುಸ್ತಕಗಳಲ್ಲಿ ಎರಡೂ ಬದಿ ಸಮನಾಗಿ ಕಾಣುತ್ತದಲ್ಲ ಎಂದು ಕೇಳುವವರಿದ್ದಾರೆ. ಆ ಪುಸ್ತಕಗಳನ್ನು ಪೂರ್ತಿ ಬಿಡಿಸಿ ಅಳೆದರೆ ಬೆನ್ನೊಳಗೆ ಹೂತುಹೋದ ಅಂಚು ಲೆಕ್ಕಕ್ಕೆ ಸಿಗುತ್ತದೆ.

ಕನ್ನಡದ ಪದಗಳು ಸಂಧಿ, ಸಮಾಸ, ಪ್ರತ್ಯಯಗಳಿಂದ ಉದ್ದವಾಗುತ್ತವೆ. ‘ಪಾಳೆಯಗಾರರಿದ್ದಾಗಿನಿಂದಲೂ’ ಎಂಬ ಒಂದು ಪದ ಸಾಲಿನ ಕೊನೆಯಲ್ಲಿ ಹಿಡಿಸದೆ ಕೆಳಗೆ ಇಳಿದರೆ, ಎರಡೂ ಅಂಚಿಗೆ ಸಮನಾಗಿ ಎಳೆದ ಮೇಲಿನ ಸಾಲಿನಲ್ಲಿ ಪದಗಳ ನಡುವೆ ಬಿರುಕು ಬೀಳುತ್ತದೆ. ಇಂಥ ನಾಲ್ಕು ಸಾಲು ಒಂದರ ಕೆಳಗೊಂದು ಬಂದರೆ ಪುಟದ ನಡುವೆ ಬಿಳಿಯ ಹಳ್ಳ ಹರಿದಂತೆ ಕಾಣುತ್ತದೆ. ಇದಕ್ಕೆ ಪರಿಹಾರ, ಪೂರ್ಣ ಅಕ್ಷರದ ಗಡಿಯಲ್ಲಿ ಪದವನ್ನು ಮುರಿಯಲು ಒಪ್ಪುವುದು. ಒತ್ತಕ್ಷರದ ನಡುವೆ ಎಂದೂ ಮುರಿಯಬಾರದು. ಪದ್ಯಕ್ಕಂತೂ ಸಮನಾಗಿ ಎಳೆಯುವ ಮಾತೇ ಬೇಡ, ಎಡಕ್ಕೆ ನಿಲ್ಲಿಸಿದರಾಯಿತು. ಪ್ರತಿ ಪುಟಕ್ಕೂ ಬಳ್ಳಿ, ಹೂವು, ನವಿಲಿನ ಅಂಚು ಹಾಕುವ ಹುಮ್ಮಸ್ಸು ಕೆಲವರಿಗಿದೆ. ಮದುವೆಯ ಲಗ್ನಪತ್ರಿಕೆಗೆ ಅದು ಚೆಂದ.

ಕಾಗದ: 27 ಗ್ರಾಮಿನ ಪ್ರಶ್ನೆ

ಒಳಪುಟಕ್ಕೆ ಸಾಮಾನ್ಯವಾಗಿ ಮ್ಯಾಪ್ಲಿಥೋ ಕಾಗದ ಬಳಸುತ್ತಾರೆ. 60, 70, 80 ಜಿಎಸ್‌ಎಂ ಎಂಬ ದಪ್ಪಗಳಲ್ಲಿ ಸಿಗುತ್ತದೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ತೂಗುವ ಗ್ರಾಂ. 60ರ ಕಾಗದದಲ್ಲಿ ಹಿಂದಿನ ಪುಟದ ಅಕ್ಷರಗಳು ಮುಂದಕ್ಕೆ ಇಣುಕುವ ಸಾಧ್ಯತೆ ಹೆಚ್ಚು. 70ಕ್ಕೆ ಏರೋಣ ಎಂದಾಗ ಮುದ್ರಕರು ‘ಖರ್ಚು ಜಾಸ್ತಿ ಆಗುತ್ತದೆ ಸಾರ್’ ಎನ್ನುತ್ತಾರೆ, ನಾವೂ ಲೆಕ್ಕ ಹಾಕದೆ ಹೆದರುತ್ತೇವೆ. ಲೆಕ್ಕ ಹಾಕೋಣ. 23×36 ಇಂಚಿನ 500 ಹಾಳೆಗಳ ಒಂದು ರೀಮ್ 60 ಜಿಎಸ್‌ಎಂನಲ್ಲಿ ಸುಮಾರು 16 ಕೆ.ಜಿ. ತೂಗುತ್ತದೆ, 70ರಲ್ಲಿ ಸುಮಾರು 18.7 ಕೆ.ಜಿ. 160 ಪುಟದ ಡೆಮಿ ಪುಸ್ತಕದ 500 ಪ್ರತಿಗಳಿಗೆ, ಹಾಳು ಹೋಗುವುದನ್ನು ಬಿಟ್ಟು, ಇಂಥ ಐದು ರೀಮ್ ಬೇಕು. ವ್ಯತ್ಯಾಸ ಹದಿಮೂರೂವರೆ ಕೆ.ಜಿ.ಯಷ್ಟು, 500 ಪ್ರತಿಗಳಿಗೆ ಹಂಚಿದರೆ ಪ್ರತಿಯೊಂದಕ್ಕೆ 27 ಗ್ರಾಂ ಕಾಗದ. ಆ ದಿನದ ಕೆ.ಜಿ. ದರವನ್ನು ಕೇಳಿ ಗುಣಿಸಿ ನೋಡಿ, ನಮ್ಮೂರಿನ ಒಂದು ಮಿರ್ಚಿಯ ಬೆಲೆಯನ್ನು ಅದು ಮೀರಲಿಕ್ಕಿಲ್ಲ.

ಬಣ್ಣದಲ್ಲಿ ಕಣ್ಣು ಕುಕ್ಕುವ ಬಿಳುಪಿಗಿಂತ ನ್ಯಾಚುರಲ್ ಶೇಡ್ ಎಂದು ಕರೆಯುವ ತುಸು ಹಳದಿ ಬೆರೆತ ಕಾಗದ ದೀರ್ಘ ಓದಿಗೆ ಹಿತ. ಕಾಗದದ ನಾರಿನ ದಿಕ್ಕು ಪುಸ್ತಕದ ಬೆನ್ನಿಗೆ ಸಮಾಂತರವಾಗಿರಬೇಕು. ಅಡ್ಡವಾದರೆ ಪುಟಗಳು ಬಿಡಿಸಿದ ಕಡೆ ಮಲಗದೆ ಸೆಟೆದು ನಿಲ್ಲುತ್ತವೆ, ಬೆನ್ನಿನ ಬಳಿ ಅಲೆಅಲೆಯಾಗುತ್ತವೆ. ಪರೀಕ್ಷೆ ಸುಲಭ: ಒಂದು ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಹರಿದು ನೋಡಿದರೆ, ನೇರವಾಗಿ ಹರಿದ ಕಡೆಯೇ ನಾರಿನ ದಿಕ್ಕು.

ಚಿತ್ರಗಳು

ಸ್ಥಳೀಯ ಇತಿಹಾಸದ ಪುಸ್ತಕಗಳಿಗೆ ಇದು ಮುಖ್ಯ. ಚಂದ್ರವಳ್ಳಿಯ ಮಯೂರಶರ್ಮನ ಬಂಡೆಗಲ್ಲಿನ ಶಾಸನವನ್ನೋ, ಏಳು ಸುತ್ತಿನ ಕೋಟೆಯ ಬಾಗಿಲನ್ನೋ, ಹರಿಹರದ ದೇವಾಲಯದ ಕಂಬಗಳನ್ನೋ ಮುದ್ರಿಸಿ, ಕೊನೆಗೆ ಕಪ್ಪು ಮಸಿಯ ಚೌಕ ಮಾತ್ರ ಕಾಣುವ ಪುಸ್ತಕಗಳು ನನ್ನ ಕಪಾಟಿನಲ್ಲೇ ಹಲವಿವೆ. ಶಾಸನ, ಶಿಲ್ಪಗಳನ್ನು ಬೆಳಿಗ್ಗೆ ಅಥವಾ ಸಂಜೆ, ಓರೆ ಬಿಸಿಲಿನಲ್ಲಿ ತೆಗೆಯಬೇಕು. ಅಕ್ಷರದ ತಗ್ಗಿನಲ್ಲಿ ನೆರಳು ನಿಂತಾಗ ಮಾತ್ರ ಅದು ಓದಲು ಬರುತ್ತದೆ. ಮುದ್ರಣಕ್ಕೆ ಪ್ರತಿ ಇಂಚಿಗೆ 300 ಬಿಂದುಗಳು ಬೇಕು, ಅಂದರೆ 4 ಇಂಚು ಅಗಲದ ಚಿತ್ರಕ್ಕೆ 1200 ಪಿಕ್ಸೆಲ್. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದದ್ದು ಕುಗ್ಗಿರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಮ್ಯಾಪ್ಲಿಥೋ ಕಾಗದ ಮಸಿಯನ್ನು ಹೀರಿಕೊಳ್ಳುವುದರಿಂದ ಬಿಂದುಗಳು ಹರಡಿ ಚಿತ್ರ ಕಪ್ಪಾಗುತ್ತದೆ. ಆದ್ದರಿಂದ ಚಿತ್ರವನ್ನು ಪರದೆಯ ಮೇಲೆ ತುಸು ಹೆಚ್ಚೇ ಬೆಳ್ಳಗೆ ಮಾಡಿ ಕೊಡಬೇಕು, ಅಥವಾ ಚಿತ್ರಗಳನ್ನೆಲ್ಲ ಒಟ್ಟುಗೂಡಿಸಿ, ನುಣುಪು ಲೇಪವಿರುವ ಆರ್ಟ್ ಪೇಪರಿನಲ್ಲಿ 8 ಅಥವಾ 16 ಪುಟಗಳ ಪ್ರತ್ಯೇಕ ಕಟ್ಟಾಗಿ ಮುದ್ರಿಸಿ ನಡುವೆ ಸೇರಿಸಬೇಕು. ನನ್ನ ಮತ ಎರಡನೆಯದರ ಕಡೆಗೆ. ಇಪ್ಪತ್ತು ಮಸುಕು ಚಿತ್ರಗಳಿಗಿಂತ ಎಂಟು ಸ್ಪಷ್ಟ ಚಿತ್ರಗಳು ಆ ಊರಿನ ಇತಿಹಾಸವನ್ನು ಹೆಚ್ಚು ಹೇಳುತ್ತವೆ. ಬಿಡುಗಡೆಗೆ ಮುನ್ನವೇ ಅಚ್ಚಾಗುವ ಲೇಖಕರ ಸನ್ಮಾನದ ಚಿತ್ರಗಳನ್ನು ನಾನು ಈ ಎಣಿಕೆಯಲ್ಲಿ ಸೇರಿಸಿಲ್ಲ.

ಮುಖಪುಟ

ಮುಖಪುಟವನ್ನು ಈಗ ಜನರು ಮೊದಲು ನೋಡುವುದು ಮೊಬೈಲಿನಲ್ಲಿ, ಅಂಚೆಚೀಟಿಯಷ್ಟು ಗಾತ್ರದಲ್ಲಿ. ವಿನ್ಯಾಸ ಬಂದ ಕೂಡಲೇ ಅದನ್ನು ಅಷ್ಟಕ್ಕೆ ಕುಗ್ಗಿಸಿ, ಶೀರ್ಷಿಕೆ ಓದಲು ಬರುತ್ತದೆಯೇ ನೋಡಿ. ಚಿತ್ರಕಲಾವಿದರಿಗೆ ಹಸ್ತಪ್ರತಿಯನ್ನು ಓದಲು ಕೊಡಬೇಕು, ಸಂಭಾವನೆ ಕೊಡಬೇಕು, ಹೆಸರನ್ನು ಒಳಗೆ ಅಚ್ಚು ಹಾಕಬೇಕು. ದೃಶ್ಯಕಲೆ ಕಲಿತವರು ದಾವಣಗೆರೆಯಲ್ಲಿದ್ದಾರೆ. ಅಂತರ್ಜಾಲದಿಂದ ಇಳಿಸಿಕೊಂಡ ಸೂರ್ಯಾಸ್ತಕ್ಕೆ ಮೊರೆಹೋಗುವ ಅಗತ್ಯವಿಲ್ಲ, ಆ ಸೂರ್ಯಾಸ್ತದ ಹಕ್ಕು ಯಾರದೋ ಆಗಿರುತ್ತದೆ ಎಂಬುದು ಬೇರೆ ಮಾತು. ಕನ್ನಡ ಪುಸ್ತಕ ಪ್ರಾಧಿಕಾರ ನೀಡುವ ಪುಸ್ತಕ ಸೊಗಸು ಬಹುಮಾನಗಳಲ್ಲಿ ಮುಖಪುಟಕ್ಕೂ ಮುದ್ರಣಕ್ಕೂ ಪ್ರತ್ಯೇಕ ಸ್ಥಾನವಿದೆ. ಬಹುಮಾನ ಪಡೆದ ಪುಸ್ತಕಗಳು ಎಲ್ಲಾದರೂ ಸಿಕ್ಕರೆ ಕೈಯಲ್ಲಿ ಹಿಡಿದು ನೋಡಿ, ನೂರು ಉಪದೇಶಕ್ಕಿಂತ ಅದು ಮೇಲು.

ತಾಂತ್ರಿಕವಾಗಿ ಮೂರು ಸಂಗತಿ. ಸುತ್ತಲೂ 3 ಮಿಲಿಮೀಟರ್ ಚಿತ್ರ ಹೆಚ್ಚಾಗಿ ಹರಡಿರಬೇಕು, ಇಲ್ಲದಿದ್ದರೆ ಕತ್ತರಿಸಿದ ಮೇಲೆ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಬೆನ್ನಿನ ಅಗಲವನ್ನು ಅಂದಾಜಿನಲ್ಲಿ ಹೇಳಬಾರದು; 70 ಜಿಎಸ್‌ಎಂ ಕಾಗದದ 160 ಪುಟ, ಅಂದರೆ 80 ಹಾಳೆ, ಸುಮಾರು 7ರಿಂದ 8 ಮಿಲಿಮೀಟರ್ ಬರಬಹುದು, ಆದರೆ ಅದೇ ಕಾಗದದ ಖಾಲಿ ನಮೂನೆ ಕಟ್ಟಿಸಿ ಅಳೆದ ಮೇಲೆಯೇ ಮುಖಪುಟದ ಕಡತವನ್ನು ಅಂತಿಮಗೊಳಿಸಬೇಕು. ಬೆನ್ನಿನ ಮೇಲಿನ ಹೆಸರು, ಪುಸ್ತಕವನ್ನು ಮುಖಪುಟ ಮೇಲಾಗಿ ಮಲಗಿಸಿದಾಗ ನೇರವಾಗಿ ಓದಲು ಬರುವಂತೆ ಇರಲಿ.

ಲ್ಯಾಮಿನೇಷನ್ ಒಂದೇ ಬದಿಗೆ ಆಗುವುದರಿಂದ, ಇನ್ನೊಂದು ಬದಿ ಗಾಳಿಯ ತೇವವನ್ನು ಹೀರಿಯೋ ಬಿಟ್ಟೋ ಹಿಗ್ಗಿ ಕುಗ್ಗಿ, ಹೊದಿಕೆ ಸುರುಳಿಯಾಗುತ್ತದೆ. ಬಯಲುಸೀಮೆಯ ಒಣ ಬೇಸಿಗೆ ಕಳೆದು ಮಳೆ ಹಿಡಿದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. 250 ಜಿಎಸ್‌ಎಂ ಬದಲು 300ರ ಆರ್ಟ್ ಕಾರ್ಡ್ ಬಳಸಿದರೆ ಸುರುಳಿ ತಗ್ಗುತ್ತದೆ. ಆಯ್ದ ಭಾಗಕ್ಕೆ ಮಾತ್ರ ಹೊಳಪು ಹಚ್ಚುವ ಸ್ಪಾಟ್ ಯುವಿ, ಚಿನ್ನದ ಹಾಳೆಯ ಅಚ್ಚು ಇತ್ಯಾದಿಗಳು ಹಣ ಉಳಿದರೆ ಮಾತ್ರ.

ಐಎಸ್‌ಬಿಎನ್ ಮತ್ತು ವಿವರದ ಪುಟ

ಐಎಸ್‌ಬಿಎನ್ ಎಂಬ, ಪುಸ್ತಕವನ್ನು ಜಗತ್ತಿನಾದ್ಯಂತ ಗುರುತಿಸುವ ಸಂಖ್ಯೆಯನ್ನು ಭಾರತದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಹಣ ಕೇಳುವ ಮಧ್ಯವರ್ತಿಗಳ ಅವಶ್ಯಕತೆಯಿಲ್ಲ. ಅರ್ಜಿಗೆ ಸಮಯ ಹಿಡಿಯಬಹುದು, ಆದ್ದರಿಂದ ಪುಟಕಟ್ಟುವ ಕೆಲಸ ಶುರುವಾದಾಗಲೇ ಹಾಕಿ. ವಿವರದ ಪುಟದಲ್ಲಿ ಶೀರ್ಷಿಕೆ, ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಬಳಸಿದ ಕಾಗದ, ಹಕ್ಕುಸ್ವಾಮ್ಯ, ಮುಖಪುಟ ಕಲಾವಿದರ, ಮುದ್ರಕರ ಹೆಸರು ಇರಬೇಕು. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ಪ್ರತಿಯನ್ನು ಪ್ರಕಾಶಕರೇ ತಮ್ಮ ಖರ್ಚಿನಲ್ಲಿ ಕಳಿಸಬೇಕು. ಆ ಕಾಯ್ದೆ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗುವ ಪ್ರತಿ, ಆ ಪುಸ್ತಕಕ್ಕೆ ಬಳಸಿದ ಕಾಗದಗಳಲ್ಲಿ ಅತ್ಯುತ್ತಮವಾದದ್ದರ ಮೇಲಿನದಾಗಿರಬೇಕು, ಹೊಲಿದಿರಬೇಕು ಅಥವಾ ಕಟ್ಟಿರಬೇಕು ಎಂದೂ ಹೇಳುತ್ತದೆ.

ಕರಡು, ಪ್ಲೇಟು, ಯಂತ್ರ

ಕರಡನ್ನು ಕಾಗದದ ಮೇಲೆ ಕನಿಷ್ಠ ಮೂರು ಸಲ ನೋಡಬೇಕು, ಮೂರರಲ್ಲಿ ಒಂದನ್ನು ಲೇಖಕರಲ್ಲದವರು ನೋಡಬೇಕು. ಬರೆದವರ ಕಣ್ಣು ಇರುವುದನ್ನು ಓದುವುದಿಲ್ಲ, ತಾನು ಬರೆದೆನೆಂದುಕೊಂಡಿದ್ದನ್ನು ಓದುತ್ತದೆ. ಶೀರ್ಷಿಕೆಗಳನ್ನೂ ಪರಿವಿಡಿಯನ್ನೂ ಪುಟಸಂಖ್ಯೆಗಳನ್ನೂ ಒಮ್ಮೆ ಪ್ರತ್ಯೇಕವಾಗಿ ತಾಳೆ ನೋಡಿ. ದೊಡ್ಡ ತಪ್ಪುಗಳು ದೊಡ್ಡ ಅಕ್ಷರಗಳಲ್ಲೇ ಅಡಗಿರುತ್ತವೆ.

ಅಂತಿಮ ಪಿಡಿಎಫ್‌ನಲ್ಲಿ ಅಕ್ಷರಮಾಲೆಗಳು ಅಡಕವಾಗಿರಬೇಕು, ಒಳಪುಟದ ಅಕ್ಷರಗಳು ಶುದ್ಧ ಕಪ್ಪೊಂದರಲ್ಲೇ ಇರಬೇಕು. ನಾಲ್ಕು ಬಣ್ಣ ಬೆರೆತ ಕಪ್ಪಾಗಿದ್ದರೆ ಒಂದೇ ಬಣ್ಣದ ಮುದ್ರಣದಲ್ಲಿ ಅಕ್ಷರ ಪೇಲವವಾಗುತ್ತದೆ. ಪಿಡಿಎಫ್ ಕೊಟ್ಟ ಮೇಲೆ ಡಿಟಿಪಿಯವರಿಗೆ ಫೋನಿನಲ್ಲಿ ‘ಒಂದು ಸಣ್ಣ ತಿದ್ದುಪಡಿ’ ಹೇಳಬೇಡಿ. ಪುಟ 47ರಲ್ಲಿ ಒಂದು ಪದ ತಿದ್ದಿದಾಗ 48ಕ್ಕೆ ಜರುಗಿದ ಸಾಲು ಯಾರ ಕಣ್ಣಿಗೂ ಬೀಳದೆ ಅಚ್ಚಾಗುತ್ತದೆ.

ಮೊದಲ ಫಾರಂ ಯಂತ್ರಕ್ಕೆ ಏರುವ ದಿನ ನೀವೇ ಮುದ್ರಣಾಲಯದಲ್ಲಿ ಇರಿ. ಬೆಂಗಳೂರಿನಲ್ಲಿ ಮುದ್ರಿಸುತ್ತಿದ್ದರೂ ಒಂದು ದಿನದ ಬಸ್ಸಿನ ಖರ್ಚಿಗೆ ಹಿಂದೆಗೆಯಬೇಡಿ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ: ಎರಡೂ ಮಗ್ಗುಲಿನ ಸಾಲುಗಳು ಒಂದರ ಹಿಂದೆ ಒಂದು ಕೂತಿರಬೇಕು. ಮೊದಲ ಹಾಳೆಗೂ ನೂರನೆಯ ಹಾಳೆಗೂ ಮಸಿಯ ಗಾಢತೆ ಒಂದೇ ಆಗಿರಬೇಕು. ಮಡಚಿ ಪುಟಸಂಖ್ಯೆಯ ಕ್ರಮ ನೋಡಿ. ಒಪ್ಪಿಗೆಯಾದ ಹಾಳೆಯ ಮೇಲೆ ಸಹಿ ಹಾಕಿ ದಿನಾಂಕ ಬರೆದು ಅಲ್ಲೇ ಬಿಟ್ಟು, ಅಂಥದೇ ಒಂದನ್ನು ಮನೆಗೆ ತನ್ನಿ. ಇದರಿಂದ ಮುದ್ರಕರು ಬೇಸರಪಡುವುದಿಲ್ಲ, ನಾನು ಕಂಡಂತೆ ಒಳ್ಳೆಯ ಮುದ್ರಕರು ಸಂತೋಷವನ್ನೇ ಪಡುತ್ತಾರೆ.

50ರಿಂದ 100 ಪ್ರತಿ ಮಾತ್ರ ಬೇಕಾದರೆ ಡಿಜಿಟಲ್ ಮುದ್ರಣ ಸಾಕು. ಅಲ್ಲಿ ಪ್ಲೇಟಿನ ಖರ್ಚಿಲ್ಲ, ಪ್ರತಿಯೊಂದರ ಬೆಲೆ ಮಾತ್ರ ಹೆಚ್ಚು.

ಬೈಂಡಿಂಗ್ ಮತ್ತು ಕೊನೆಯ ತಪಾಸಣೆ

ಅರವತ್ತು ಪುಟದೊಳಗಿನ ಪುಸ್ತಕಕ್ಕೆ ಸೆಂಟರ್ ಪಿನ್, ಅಂದರೆ ನಡು ಮಡಿಕೆಯಲ್ಲಿ ಪಿನ್, ಹಾಕಿಸಿ, ಅದಕ್ಕೆ ಅಂಟಿನ ಬೆನ್ನು ನಿಲ್ಲುವುದಿಲ್ಲ. ಅದಕ್ಕಿಂತ ದಪ್ಪದ್ದಕ್ಕೆ ಪರ್ಫೆಕ್ಟ್ ಬೈಂಡಿಂಗ್ ಎಂಬ ಹೆಸರಿನ, ಬೆನ್ನನ್ನು ಉಜ್ಜಿ ಬಿಸಿ ಅಂಟು ಹಚ್ಚುವ ವಿಧಾನ ರೂಢಿಯಲ್ಲಿದೆ. ಅಂಟು ಕಡಿಮೆ ಬಿದ್ದರೆ, ಇಲ್ಲವೇ ಬೆನ್ನು ಸರಿಯಾಗಿ ಉಜ್ಜದಿದ್ದರೆ, ನನ್ನ ಸೋಬಾನೆ ಪದಗಳಿಗಾದ ಗತಿಯೇ ಆಗುತ್ತದೆ. ಹೆಸರು ನೋಡಿ ಮೋಸ ಹೋಗಬಾರದು. ಗ್ರಂಥಾಲಯದಲ್ಲಿ ಹತ್ತಾರು ಕೈ ದಾಟಬೇಕಾದ ಪುಸ್ತಕಕ್ಕೆ, ಆಕರ ಗ್ರಂಥಕ್ಕೆ, ಅಭಿನಂದನ ಗ್ರಂಥಕ್ಕೆ ಫಾರಂಗಳನ್ನು ದಾರದಿಂದ ಹೊಲಿಸಿ ಆಮೇಲೆ ಅಂಟು ಹಾಕಿಸುವುದೇ ಸರಿ. ಇದಕ್ಕೆ ನಾಲ್ಕಾರು ದಿನ ಹೆಚ್ಚು ಹಿಡಿಯುತ್ತದೆ. ಬಿಡುಗಡೆಯ ದಿನಾಂಕವನ್ನೂ ಅತಿಥಿಗಳನ್ನೂ ಮೊದಲು ನಿಗದಿ ಮಾಡಿ, ಆಮಂತ್ರಣ ಪತ್ರಿಕೆ ಹಂಚಿ, ಆಮೇಲೆ ಬೈಂಡಿಂಗಿನವರನ್ನು ಅವಸರಪಡಿಸುವುದು ನಮ್ಮಲ್ಲಿ ಮಾಮೂಲಾಗಿದೆ. ಅಂಟು ಆರುವ ಮೊದಲೇ ಕತ್ತರಿ ಯಂತ್ರಕ್ಕೆ ಕೊಟ್ಟರೆ ಬೆನ್ನು ಸೊಟ್ಟಗಾಗುತ್ತದೆ, ಕೆಲವೊಮ್ಮೆ ಪುಟಸಂಖ್ಯೆಗಳೇ ಕತ್ತರಿಸಿ ಹೋಗುತ್ತವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಬೈಂಡಿಂಗಿನವರಿಗೆ ಮೊದಲು ಐದು ಪ್ರತಿ ಮಾತ್ರ ಪೂರ್ತಿ ಮಾಡಿಕೊಡಲು ಹೇಳಿ. ಒಂದನ್ನು ನಡುವೆ ಬಿಡಿಸಿ ಎರಡೂ ರಟ್ಟು ತಾಗುವಂತೆ ಹಿಂದಕ್ಕೆ ಬಗ್ಗಿಸಿ, ಬೆನ್ನು ಸೀಳಬಾರದು. ಒಂದು ಹಾಳೆಯನ್ನು ಹಿಡಿದು ಜಗ್ಗಿ; ಕಿತ್ತು ಬರಬಾರದು, ಬಂದರೂ ಹರಿದು ಬರಬೇಕು. ಇನ್ನೊಂದು ಪ್ರತಿಯನ್ನು ಒಂದು ಮಧ್ಯಾಹ್ನವಿಡೀ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು ಸಂಜೆ ಇದೇ ಪರೀಕ್ಷೆ ಮಾಡಿ. ಇವು ಪಾಸಾದ ಮೇಲೆ ಉಳಿದ 495ಕ್ಕೆ ಒಪ್ಪಿಗೆ ಕೊಡಿ. ಕಟ್ಟುಗಳು ಮನೆಗೆ ಬಂದ ದಿನ ಪ್ರತಿ ಕಟ್ಟಿನಿಂದ ಎರಡೆರಡು ಪುಸ್ತಕ ಹೊರತೆಗೆದು, ಫಾರಂ ಬಿಟ್ಟುಹೋಗಿದೆಯೇ, ತಲೆಕೆಳಗಾಗಿದೆಯೇ, ಎರಡು ಸಲ ಸೇರಿದೆಯೇ ಎಂದು ಪುಟ ಎಣಿಸಿ ನೋಡಿ, ಕೆಟ್ಟವನ್ನು ಬೇರೆ ಇಟ್ಟು ಬದಲಿ ಕೇಳಿ. ಬಾಕಿ ಹಣದ ಕೊನೆಯ ಕಂತನ್ನು ಆಮೇಲೆ ಕೊಡಿ.